ಬಿಳಿ ಸೆರಗು: ನಾಚಿಕೆ ಬೇಡ, ಅವಸರದ ಆಪರೇಷನ್ನೂ ಬೇಡ

ಸ್ವಸಹಾಯ ಸಂಘಗಳ ಆರೋಗ್ಯ ಪಾಠ



ಸಾಲ, ಬಡ್ಡಿ, ಹೈನುಗಾರಿಕೆ ಎಲ್ಲವನ್ನೂ ನಾವು ಸಂಘದ ಸಭೆಯಲ್ಲಿ ಗಟ್ಟಿಯಾಗಿ ಮಾತಾಡುತ್ತೇವೆ. ಆದರೆ ಒಂದು ತೊಂದರೆಯನ್ನು ಮಾತ್ರ ಸಭೆ ಮುಗಿದ ಮೇಲೆ ಪಿಸುಮಾತಿನಲ್ಲಿ ಹೇಳುತ್ತೇವೆ: "ಸಿಸ್ಟರ್, ಬಿಳಿ ಹೋಗ್ತಾ ಉಂಟು, ವಾಸನೆ ಬರ್ತದೆ." ಮೂಳೆ ಕರಗಿ ಹೋಗ್ತಾ ಉಂಟು ಎಂದು ಕೆಲವರಿಗೆ ಭಯ. ಮೈಯಲ್ಲಿ ಉಷ್ಣ ಎಂದು ಕೆಲವರು ವರ್ಷಗಟ್ಟಲೆ ಕಷಾಯ ಕುಡಿಯುತ್ತಾರೆ. ಗಂಡ ಏನಾದರೂ ತಿಳಿದುಕೊಂಡಾನು ಎಂದು ಸುಮ್ಮನಿರುವವರೂ ಇದ್ದಾರೆ. ಮೂಳೆ ಕರಗುವುದಿಲ್ಲ, ಇದು ಶಾಪವೂ ಅಲ್ಲ. ಹೆಚ್ಚಿನ ಸಲ ಇದಕ್ಕೆ ಸುಲಭದ ಔಷಧಿ ಇದೆ.

1. ಸಹಜ ಯಾವುದು, ಕಾಯಿಲೆ ಯಾವುದು?

ಯೋನಿಯಿಂದ ಸ್ವಲ್ಪ ದ್ರವ ಹೋಗುವುದು ಕಣ್ಣಲ್ಲಿ ನೀರು, ಬಾಯಲ್ಲಿ ಜೊಲ್ಲು ಇದ್ದ ಹಾಗೆಯೇ ಸಹಜ. ತಿಂಗಳ ನಡುವಿನಲ್ಲಿ ಅದು ಮೊಟ್ಟೆಯ ಬಿಳಿಯಂತೆ ಲೋಳೆಯಾಗಬಹುದು, ಬಸುರಿಯರಲ್ಲಿ ಹೆಚ್ಚಾಗಬಹುದು. ಕೆಟ್ಟ ವಾಸನೆ, ತುರಿಕೆ, ಉರಿ ಇಲ್ಲದಿದ್ದರೆ ಹೆದರಬೇಕಾಗಿಲ್ಲ. ಈ ಮೂರು ಬಗೆಯನ್ನು ಮಾತ್ರ ಗುರುತಿಸಿಕೊಳ್ಳಿ:

- ತೆಳ್ಳಗೆ, ಬೂದಿ ಬೆರೆತ ಬಿಳಿ ಬಣ್ಣ, ಮೀನಿನಂಥ ವಾಸನೆ. ಗಂಡನ ಜೊತೆ ಸೇರಿದ ಮೇಲೆ ಅಥವಾ ಮುಟ್ಟಿನ ಸಮಯದಲ್ಲಿ ವಾಸನೆ ಜಾಸ್ತಿ, ತುರಿಕೆ ಕಡಿಮೆ. ಇದು ಬ್ಯಾಕ್ಟೀರಿಯಲ್ ವಜೈನೋಸಿಸ್ ಇರಬಹುದು. ಡಾಕ್ಟರುಗಳು ಚಿಕ್ಕದಾಗಿ ಬಿ.ವಿ. ಎನ್ನುತ್ತಾರೆ.
- ಒಡೆದ ಹಾಲಿನ ಗಟ್ಟಿಯಂತೆ ದಪ್ಪಗೆ, ವಿಪರೀತ ತುರಿಕೆ. ಇದು ಹೆಚ್ಚಾಗಿ ಶಿಲೀಂಧ್ರದ ಸೋಂಕು.
- ಹಳದಿ ಅಥವಾ ಹಸಿರು ಬಣ್ಣ, ನೊರೆ, ಉರಿ. ಇದು ಟ್ರೈಕೊಮೊನಾಸ್ ಎಂಬ ಸೋಂಕು ಇರಬಹುದು. ಗಂಡ ಹೆಂಡತಿ ಇಬ್ಬರಿಗೂ ಔಷಧಿ ಬೇಕು.

ಮೂರಕ್ಕೂ ಒಂದೇ ಔಷಧಿ ಅಲ್ಲ. ಆದ್ದರಿಂದ ಪಕ್ಕದ ಮನೆಯವಳ ಮಾತ್ರೆ ನಿಮಗೆ ಆಗುವುದಿಲ್ಲ. ಇವತ್ತಿನ ಪಾಠ ಮೊದಲನೆಯದರ ಬಗ್ಗೆ.

2. ಒಳಗಿನ ಕಾವಲುಗಾರರು

ಹಾಲಿಗೆ ಹೆಪ್ಪು ಹಾಕಿದರೆ ಏನಾಗುತ್ತದೆ? ಹೆಪ್ಪಿನಲ್ಲಿರುವ ಸೂಕ್ಷ್ಮಜೀವಿಗಳು ಹಾಲನ್ನು ಹುಳಿ ಮಾಡುತ್ತವೆ. ಆ ಹುಳಿಯಲ್ಲಿ ಹಾಳು ಮಾಡುವ ಕ್ರಿಮಿಗಳು ಸುಲಭವಾಗಿ ಬೆಳೆಯುವುದಿಲ್ಲ. ದೇವರು ಹೆಣ್ಣಿನ ಶರೀರದಲ್ಲೂ ಇಂಥದೇ ಏರ್ಪಾಡು ಮಾಡಿದ್ದಾನೆ. ಯೋನಿಯಲ್ಲಿ ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾಗಳು ವಾಸಿಸುತ್ತವೆ. 1892ರಲ್ಲೇ ಜರ್ಮನಿಯ ವೈದ್ಯ ಆಲ್ಬರ್ಟ್ ಡೋಡರ್‌ಲೈನ್ ಇವುಗಳ ಬಗ್ಗೆ ಬರೆದಿದ್ದರು. ಪ್ರಾಯಕ್ಕೆ ಬಂದ ಹೆಣ್ಣಿನ ಈಸ್ಟ್ರೋಜನ್ ಹಾರ್ಮೋನು ಯೋನಿಯ ಒಳಪದರದಲ್ಲಿ ಗ್ಲೈಕೋಜನ್ ಎಂಬ ಆಹಾರವನ್ನು ಕೂಡಿಡುತ್ತದೆ. ಅದರಿಂದ ಈ ಬ್ಯಾಕ್ಟೀರಿಯಾಗಳು ಲ್ಯಾಕ್ಟಿಕ್ ಆಮ್ಲವನ್ನು, ಅಂದರೆ ಮೊಸರಿನಲ್ಲಿರುವ ಹುಳಿಯನ್ನೇ, ತಯಾರಿಸುತ್ತವೆ.

ಹುಳಿಯನ್ನು ಅಳೆಯುವ ಅಳತೆಗೆ ಪಿ.ಎಚ್. ಎನ್ನುತ್ತಾರೆ. ಶುದ್ಧ ನೀರಿನದು 7. ಅಂಕೆ ಇಳಿದಷ್ಟು ಹುಳಿ ಜಾಸ್ತಿ. ಆರೋಗ್ಯವಂತ ಯೋನಿಯಲ್ಲಿ ಅದು ಸಾಮಾನ್ಯವಾಗಿ 3.8ರಿಂದ 4.5ರ ಒಳಗೆ. ಈ ಹುಳಿಯೇ ಬೇಲಿ.

ಎಲ್ಲರಲ್ಲೂ ಒಂದೇ ಜಾತಿಯ ಬ್ಯಾಕ್ಟೀರಿಯಾ ಇರುವುದಿಲ್ಲ. 2011ರಲ್ಲಿ ಅಮೆರಿಕದಲ್ಲಿ ಯಾವ ತೊಂದರೆಯೂ ಇಲ್ಲದ 396 ಹೆಂಗಸರನ್ನು ಪರೀಕ್ಷಿಸಿದಾಗ, ಕಾಲು ಭಾಗಕ್ಕಿಂತ ತುಸು ಹೆಚ್ಚು ಮಂದಿಯಲ್ಲಿ ಲ್ಯಾಕ್ಟೋಬ್ಯಾಸಿಲಸ್ ಮೇಲುಗೈ ಇರಲಿಲ್ಲ. ಹಾಗಾಗಿ ಬರೀ ಲ್ಯಾಬಿನ ಕಾಗದ ನೋಡಿ ಕಾಯಿಲೆ ಎಂದು ಗಾಬರಿಯಾಗಬೇಡಿ.

3. ಬೇಲಿ ಮುರಿದಾಗ

ಕಾವಲುಗಾರರು ಕಡಿಮೆಯಾದಾಗ ಗಾರ್ಡ್ನರೆಲ್ಲಾ ಮುಂತಾದ ಬೇರೆ ಬ್ಯಾಕ್ಟೀರಿಯಾಗಳು ತುಂಬಿಕೊಳ್ಳುತ್ತವೆ. ಹುಳಿ ಇಳಿದು ಪಿ.ಎಚ್. 4.5ಕ್ಕಿಂತ ಮೇಲೆ ಏರುತ್ತದೆ, ವಾಸನೆ ಶುರುವಾಗುತ್ತದೆ. ಇದೇ ಬಿ.ವಿ. ಎಷ್ಟೋ ಮಂದಿಯಲ್ಲಿ ಇದು ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ಜಗತ್ತಿನಲ್ಲಿ ಹೆರುವ ವಯಸ್ಸಿನ 100 ಹೆಂಗಸರಲ್ಲಿ 23ರಿಂದ 29 ಮಂದಿಗೆ ಇದು ಇರುತ್ತದೆ ಎಂದು ಲೆಕ್ಕ. ನಮ್ಮ ಮೈಸೂರಿನಲ್ಲೇ 15ರಿಂದ 30 ವರ್ಷದೊಳಗಿನ ಸುಮಾರು 900 ಹೆಂಗಸರಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 100ಕ್ಕೆ ಸುಮಾರು 19 ಮಂದಿಯಲ್ಲಿ ಕಂಡುಬಂತು. 20 ಮಂದಿಯ ಸಂಘದಲ್ಲಿ ಮೂರು ನಾಲ್ಕು ಜನ ಇದ್ದರೂ ಆಶ್ಚರ್ಯವಿಲ್ಲ. ಹಾಗಿದ್ದ ಮೇಲೆ ಯಾರಿಗೆ ನಾಚಿಕೆ?

ಕೊಳಕಾಗಿರುವುದರಿಂದ ಇದು ಬರುತ್ತದೆ ಎಂದು ತಿಳಿದು ಕೆಲವರು ಸೋಪು, ಡೆಟ್ಟಾಲ್ ಹಾಕಿ ಒಳಗೆಲ್ಲ ತೊಳೆಯುತ್ತಾರೆ. ಇದು ಬೇಲಿಯನ್ನು ನಾವೇ ಕಿತ್ತ ಹಾಗೆ. ಹೊರಭಾಗಕ್ಕೆ ಬರೀ ನೀರು ಸಾಕು, ಒಳಭಾಗ ತನ್ನನ್ನು ತಾನೇ ಶುಚಿ ಮಾಡಿಕೊಳ್ಳುತ್ತದೆ. ಮುಟ್ಟಿನ ಬಟ್ಟೆಯನ್ನು ಕತ್ತಲೆ ಮೂಲೆಯಲ್ಲಿ ಅಡಗಿಸಿ ಒಣಗಿಸಬೇಡಿ, ಬಿಸಿಲಿಗೆ ಹಾಕಿ.

ತಾನಾಗಿ ಹೋದೀತು ಎಂದು ಬಿಡಬಹುದೇ? ಲಕ್ಷಣ ಇದ್ದರೆ ಬಿಡಬೇಡಿ. ಬಿ.ವಿ. ಇರುವವರಿಗೆ ಎಚ್.ಐ.ವಿ. ಮತ್ತಿತರ ಲೈಂಗಿಕ ಸೋಂಕು ತಗಲುವ ಅಪಾಯ ಹೆಚ್ಚು. ಬಸುರಿಯರಲ್ಲಿ ದಿನ ತುಂಬುವ ಮೊದಲೇ ಹೆರಿಗೆಯಾಗುವ ಸಂಭವವೂ ಹೆಚ್ಚು. ಬಸುರಿ ಹೆಂಗಸು ಇದನ್ನು ಡಾಕ್ಟರಿಗೆ ಹೇಳಲೇಬೇಕು.

4. ಔಷಧಿ, ಮತ್ತೆ ಮರುಕಳಿಸುವುದು

ಡಾಕ್ಟರು ಸಾಮಾನ್ಯವಾಗಿ ಮೆಟ್ರೋನಿಡಜೋಲ್ ಮಾತ್ರೆಯನ್ನು ದಿನಕ್ಕೆ ಎರಡು ಸಲದಂತೆ ಏಳು ದಿನ ಕೊಡುತ್ತಾರೆ, ಅಥವಾ ಒಳಗೆ ಹಚ್ಚುವ ಜೆಲ್, ಕ್ಲಿಂಡಾಮೈಸಿನ್ ಕ್ರೀಮು ಬರೆಯುತ್ತಾರೆ. ಮಾತ್ರೆಯಿಂದ ಬಾಯಿ ಕಬ್ಬಿಣದ ರುಚಿಯಾಗಬಹುದು, ವಾಕರಿಕೆ ಬರಬಹುದು. ಮೂರು ದಿನಕ್ಕೆ ವಾಸನೆ ಹೋಯ್ತು ಎಂದು ನಿಲ್ಲಿಸಬೇಡಿ.

ಇಲ್ಲಿ ಒಂದು ಕಷ್ಟದ ವಿಷಯ ಹೇಳಬೇಕು. ಔಷಧಿ ಪೂರ್ತಿ ತೆಗೆದುಕೊಂಡರೂ ಒಂದು ವರ್ಷದೊಳಗೆ ಅರ್ಧಕ್ಕಿಂತ ಹೆಚ್ಚು ಮಂದಿಗೆ ಇದು ಮತ್ತೆ ಬರುತ್ತದೆ. ಕೆಟ್ಟ ಬ್ಯಾಕ್ಟೀರಿಯಾಗಳು ಬಾವಿಕಟ್ಟೆಯ ಪಾಚಿಯಂತೆ ಒಳಪದರಕ್ಕೆ ಅಂಟಿಕೊಂಡಿರುತ್ತವೆ, ಔಷಧಿ ಎಲ್ಲವನ್ನೂ ಕೆರೆದು ತೆಗೆಯುವುದಿಲ್ಲ. ಇನ್ನೊಂದು ಕಾರಣ, ಕಳೆ ಕಿತ್ತ ಗದ್ದೆಗೆ ಒಳ್ಳೆಯ ಬೀಜ ಬೀಳದಿದ್ದರೆ ಕಳೆಯೇ ಮತ್ತೆ ಬೆಳೆಯುತ್ತದಲ್ಲವೇ, ಹಾಗೆ.

5. ಮೊಸರು ತಿಂದರೆ ಸಾಕೇ?

ಈ ಒಳ್ಳೆಯ ಬೀಜ ಬಿತ್ತುವ ಪ್ರಯತ್ನಕ್ಕೆ ಪ್ರೋಬಯಾಟಿಕ್ ಎಂದು ಹೆಸರು. ಸಾಕಷ್ಟು ಪ್ರಮಾಣದಲ್ಲಿ ಕೊಟ್ಟಾಗ ಆರೋಗ್ಯಕ್ಕೆ ಒಳ್ಳೆಯದು ಮಾಡುವ ಜೀವಂತ ಸೂಕ್ಷ್ಮಜೀವಿಗಳು ಎಂದು ಅದರ ಅರ್ಥ. ಮೊಸರಿನಲ್ಲೂ ಲ್ಯಾಕ್ಟೋಬ್ಯಾಸಿಲಸ್ ಇದೆ, ಆದರೆ ಜಾತಿ ಬೇರೆ. ಯೋನಿಯನ್ನು ಚೆನ್ನಾಗಿ ಕಾಯುವುದು ಲ್ಯಾಕ್ಟೋಬ್ಯಾಸಿಲಸ್ ಕ್ರಿಸ್ಪೇಟಸ್ ಎಂಬುದು. ಹಿತ್ತಲಿನ ಹಸುವೂ ಕಾಡಿನ ಕಾಟಿಯೂ ನೋಡಲಿಕ್ಕೆ ಒಂದೇ ತರಹ ಕಂಡರೂ ಕೊಟ್ಟಿಗೆಗೆ ಬರುವುದು ಹಸು ಮಾತ್ರ. ಮೊಸರು ಊಟಕ್ಕೆ ಒಳ್ಳೆಯದು, ತಿನ್ನಿ. ಅದರಿಂದ ಬಿ.ವಿ. ವಾಸಿಯಾಗುತ್ತದೆ ಎಂದು ನಂಬಿ ಕೂರಬೇಡಿ. ಮೊಸರು, ಬೆಳ್ಳುಳ್ಳಿ, ನಿಂಬೆರಸ ಯಾವುದನ್ನೂ ಒಳಗೆ ಇಡಬೇಡಿ.

2020ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಒಳ್ಳೆಯ ಅಧ್ಯಯನವಿದೆ. 228 ಹೆಂಗಸರಿಗೆ ಮೊದಲು ಮೆಟ್ರೋನಿಡಜೋಲ್ ಜೆಲ್ ಕೊಟ್ಟರು. ಆಮೇಲೆ ಕೆಲವರಿಗೆ ಕ್ರಿಸ್ಪೇಟಸ್ ಪುಡಿಯನ್ನು ಯೋನಿಯೊಳಗೆ ಹಾಕಲು ಕೊಟ್ಟರು, ಉಳಿದವರಿಗೆ ಔಷಧಿಯಿಲ್ಲದ ಪುಡಿ. 12 ವಾರದಲ್ಲಿ ಮತ್ತೆ ಕಾಯಿಲೆ ಬಂದವರು ಮೊದಲ ಗುಂಪಿನಲ್ಲಿ 100ಕ್ಕೆ 30, ಎರಡನೆಯದರಲ್ಲಿ 45. ಪ್ರಯೋಜನ ಇದೆ, ಪೂರ್ತಿ ಪರಿಹಾರವಲ್ಲ. ಮುಖ್ಯವಾಗಿ, ಔಷಧಿಯ ಬದಲಿಗೆ ಅಲ್ಲ, ಔಷಧಿಯ ನಂತರ ಅದನ್ನು ಕೊಟ್ಟದ್ದು.

ಅಂಗಡಿಯಲ್ಲಿ ಸಿಗುವ ನುಂಗುವ ಕ್ಯಾಪ್ಸೂಲುಗಳು ಆ ಪುಡಿಯಲ್ಲ. ಅವುಗಳ ಬಗ್ಗೆ ನಡೆದ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಅಮೆರಿಕ ಸರಕಾರದ ರೋಗ ನಿಯಂತ್ರಣ ಕೇಂದ್ರವು 2021ರ ಮಾರ್ಗಸೂಚಿಯಲ್ಲಿ, ಮಾರುಕಟ್ಟೆಯ ಪ್ರೋಬಯಾಟಿಕ್‌ಗಳನ್ನು ಬಿ.ವಿ.ಗೆ ಸೇರಿಸಿ ಕೊಡಲಿಕ್ಕೂ ಔಷಧಿಯ ಬದಲು ಕೊಡಲಿಕ್ಕೂ ಅಧ್ಯಯನಗಳ ಆಧಾರವಿಲ್ಲ ಎಂದಿದೆ. ಕೂಲಿಯ ದುಡ್ಡು ಸುರಿಯುವ ಮೊದಲು ಡಾಕ್ಟರನ್ನು ಕೇಳಿ: "ಇದು ಬೇಕೇ ಬೇಕಾ? ಎಷ್ಟು ದಿನ?"

6. ಗಂಡನಿಗೂ ಔಷಧಿ?

2025ರಲ್ಲಿ ಆಸ್ಟ್ರೇಲಿಯಾದ ಅಧ್ಯಯನವೊಂದು ಹೊಸ ದಾರಿ ತೋರಿಸಿತು. ಹೆಂಡತಿಯ ಜೊತೆಗೆ ಗಂಡಸಿಗೂ ಏಳು ದಿನ ಮಾತ್ರೆ ಮತ್ತು ಹಚ್ಚುವ ಕ್ರೀಮು ಕೊಟ್ಟಾಗ, 12 ವಾರದಲ್ಲಿ ಮರುಕಳಿಸಿದ್ದು 100ಕ್ಕೆ 35 ಮಂದಿಗೆ. ಹೆಂಗಸಿಗೆ ಮಾತ್ರ ಕೊಟ್ಟಲ್ಲಿ 63 ಮಂದಿಗೆ. ಆದ್ದರಿಂದ ಮತ್ತೆ ಮತ್ತೆ ಬರುವುದಾದರೆ ಗಂಡ ಹೆಂಡತಿ ಒಟ್ಟಿಗೆ ಡಾಕ್ಟರ ಹತ್ತಿರ ಹೋಗಿ. ಔಷಧಿ ಮುಗಿಯುವ ತನಕ ದೂರವಿರಿ. ಬಿ.ವಿ. ಬಂದ ಮಾತ್ರಕ್ಕೆ ಯಾರೋ ತಪ್ಪು ದಾರಿ ಹಿಡಿದಿದ್ದಾರೆ ಎಂದರ್ಥವಲ್ಲ. ಮನೆಯಲ್ಲಿ ಜಗಳ ಬೇಡ.

7. ಗರ್ಭಕೋಶ ತೆಗೆಸುವ ಮುನ್ನ

ಅಕ್ಕಂದಿರೇ, ಈ ಪಾಠ ಬರೆಯಲು ಮುಖ್ಯ ಕಾರಣ ಇದು. "ಬಿಳಿ ಹೋಗ್ತದಾ? ಗರ್ಭಕೋಶ ಕೆಟ್ಟಿದೆ, ತೆಗೆಸಿಬಿಡಿ, ಇಲ್ಲದಿದ್ದರೆ ಕ್ಯಾನ್ಸರ್ ಆದೀತು" ಎಂದು ಹೆದರಿಸುವವರು ಇದ್ದಾರೆ. ನಮ್ಮದೇ ರಾಜ್ಯದ ಕಲಬುರಗಿ ಭಾಗದಲ್ಲಿ ಬಿಳಿ ಸೆರಗು, ಹೊಟ್ಟೆನೋವು ಎಂದು ಹೋದ ಬಡ ಲಂಬಾಣಿ ಮತ್ತು ದಲಿತ ಹೆಂಗಸರ ಗರ್ಭಕೋಶವನ್ನು ಅನವಶ್ಯಕವಾಗಿ ತೆಗೆದದ್ದು 2015ರಲ್ಲಿ ದೊಡ್ಡ ಸುದ್ದಿಯಾಯಿತು. ಆ ಹೆಂಗಸರು ಬೀದಿಗಿಳಿದು ನ್ಯಾಯ ಕೇಳಿದರು. ಬಿಹಾರ, ಛತ್ತೀಸಗಡ, ರಾಜಸ್ಥಾನದ ಇಂಥದೇ ದೂರಿನ ಮೇಲೆ ಸುಪ್ರೀಂ ಕೋರ್ಟು 2023ರ ಏಪ್ರಿಲ್‌ನಲ್ಲಿ, ಇದನ್ನು ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಪಾಲಿಸಬೇಕೆಂದು ಆದೇಶಿಸಿತು.

ಬಿ.ವಿ. ಇರುವುದು ಯೋನಿಯಲ್ಲಿ, ಗರ್ಭಕೋಶ ತೆಗೆದರೆ ಅದು ಹೋಗುವುದಿಲ್ಲ. ಅಂಡಾಶಯವನ್ನೂ ತೆಗೆದರೆ ಮುಟ್ಟು ನಿಲ್ಲುವ ಪ್ರಾಯ ಬೇಗ ಬರುತ್ತದೆ, ಮೂಳೆ ಸವೆಯುತ್ತದೆ. ಬಿಳಿ ಸೆರಗಿನಿಂದ ಕರಗದ ಮೂಳೆ ಈ ಆಪರೇಷನ್ನಿನಿಂದ ಕರಗೀತು! ಯಾರೇ ಹೇಳಲಿ, ಸಾಲ ತೆಗೆಯುವ ಮೊದಲು ಜಿಲ್ಲಾ ಆಸ್ಪತ್ರೆಯಲ್ಲೋ ಮೆಡಿಕಲ್ ಕಾಲೇಜಿನಲ್ಲೋ ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳಿ.

ಆದರೆ ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಗಂಡನ ಜೊತೆ ಸೇರಿದಾಗ ರಕ್ತ ಬಂದರೆ, ಸ್ರಾವದಲ್ಲಿ ರಕ್ತ ಬೆರೆತಿದ್ದರೆ, ಜ್ವರ ಮತ್ತು ಕೆಳಹೊಟ್ಟೆ ನೋವಿದ್ದರೆ ತಡ ಮಾಡಬೇಡಿ. 30 ದಾಟಿದವರು ಲಕ್ಷಣ ಇಲ್ಲದಿದ್ದರೂ ಗರ್ಭಕೋಶದ ಕೊರಳಿನ ಕ್ಯಾನ್ಸರ್ ಪರೀಕ್ಷೆ ಮಾಡಿಸಿ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಎಲ್ಲಿ ಎಂದು ಹೇಳುತ್ತಾರೆ.

ಸಂಘದಲ್ಲಿ ಚರ್ಚಿಸಿ

- ಬಿಳಿ ಸೆರಗಿನ ಬಗ್ಗೆ ನಮ್ಮ ಊರಲ್ಲಿ ಏನೇನು ಹೇಳುತ್ತಾರೆ? ಅದರಲ್ಲಿ ಯಾವುದು ನಿಜ?
- ನಮ್ಮ ಊರಲ್ಲಿ 40 ವರ್ಷದೊಳಗೆ ಗರ್ಭಕೋಶ ತೆಗೆಸಿಕೊಂಡವರು ಎಷ್ಟು ಮಂದಿ? ಅವರಿಗೆ ಏನು ಕಾರಣ ಹೇಳಿದರು?
- ಒಬ್ಬಳೇ ಡಾಕ್ಟರ ಹತ್ತಿರ ಹೋಗಲು ಹೆದರುವವಳ ಜೊತೆ ನಮ್ಮಲ್ಲಿ ಯಾರು ಹೋಗುತ್ತೀರಿ? ಹೆಸರು ಬರೆದಿಡಿ.

ಮಾರ್ಕನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ 12 ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸೊಬ್ಬಳಿದ್ದಾಳೆ. ಇದ್ದದ್ದನ್ನೆಲ್ಲ ವೈದ್ಯರಿಗೆ ಸುರಿದು ಬರಿಗೈಯಾದವಳು. ಯೇಸು ಅವಳನ್ನು ದೂರ ತಳ್ಳಲಿಲ್ಲ, ಜನರ ನಡುವೆಯೇ ಅವಳ ಮಾತನ್ನು ಪೂರ್ತಿ ಕೇಳಿ ಮಗಳೇ ಎಂದು ಕರೆದರು. ಯಾವ ಧರ್ಮದವರಾದರೂ ಸರಿ, ನಮ್ಮ ಸಂಘದಲ್ಲಿ ಒಬ್ಬಳು ಬಾಯಿ ಬಿಟ್ಟು ಹೇಳಿದಾಗ ನಾವು ಅಷ್ಟನ್ನಾದರೂ ಮಾಡೋಣ: ನಗದೆ ಕೇಳೋಣ, ಜೊತೆಗೆ ಹೋಗೋಣ.