ಮಾಳಿಗೆಯಿಂದ ಕಕ್ಷೆಗೆ: ಗಗನನೌಕೆ ನಡೆಸಲು ಕಲಿತ ಪಾಠಗಳು

ಬನಹಟ್ಟಿಯ ನಮ್ಮ ಮನೆಯ ಮಾಳಿಗೆ ಕೋಣೆಯಲ್ಲಿ ಎರಡು ಹಳೆಯ ಲ್ಯಾಪ್‌ಟಾಪ್ ಇವೆ. ರಜೆ ಬಂತೆಂದರೆ ಜಮಖಂಡಿ, ಮುಧೋಳ, ಬೀಳಗಿಯಿಂದ ಬೀಗರ ಮಕ್ಕಳು, ಗೆಳೆಯರ ಮಕ್ಕಳು ಬಂದು ಸೇರುತ್ತಾರೆ. ಕೆಳಗೆ ಓಣಿಯಲ್ಲಿ ಪವರ್‌ಲೂಮ್ ಸದ್ದು, ಮೇಲೆ ರಾಕೆಟ್ ಸದ್ದು. ನಾವು ಹೆಚ್ಚಾಗಿ ಆಡುವುದು ‘ಕರ್ಬಲ್ ಸ್ಪೇಸ್ ಪ್ರೋಗ್ರಾಂ’. ಮೆಕ್ಸಿಕೋದ ಸ್ಕ್ವಾಡ್ ಎಂಬ ಕಂಪನಿ 2011ರಲ್ಲಿ ಇದರ ಮೊದಲ ರೂಪವನ್ನು ಹೊರತಂದಿತು. ಪೂರ್ಣ ಆಟ ಬಂದದ್ದು 2015ರ ಏಪ್ರಿಲ್‌ನಲ್ಲಿ. ಇದರೊಳಗಿನ ಗ್ರಹದ ಹೆಸರು ಕರ್ಬಿನ್. ಅದರ ನೆಲದ ಮೇಲಿನ ಗುರುತ್ವ ಭೂಮಿಯದಷ್ಟೇ, ಆದರೆ ತ್ರಿಜ್ಯ ಬರೀ 600 ಕಿ.ಮೀ. ಭೂಮಿಯದು 6,371. ಗ್ರಹ ಸಣ್ಣದಾದರೂ ನಿಯಮಗಳು ಕೆಪ್ಲರ್, ನ್ಯೂಟನ್ ಹೇಳಿದವೇ. ಅದಕ್ಕೇ ಇಲ್ಲಿ ಕಲಿತದ್ದು ಇಸ್ರೋದ ಸುದ್ದಿ ಓದುವಾಗಲೂ ಕೈಗೆ ಬರುತ್ತದೆ. ಹೊಸದಾಗಿ ಕಲಿಯುವವರಿಗೆ ನಾನು ಹೇಳಿಕೊಡುವುದು ಇವು.

1. ಅಡ್ಡ ಓಡುವುದೇ ದೊಡ್ಡ ಕೆಲಸ

ಮೊದಲ ದಿನ ಎಲ್ಲ ಮಕ್ಕಳೂ ರಾಕೆಟ್ ಅನ್ನು ನೆಟ್ಟಗೆ ಮೇಲಕ್ಕೆ ಹಾರಿಸುತ್ತಾರೆ. ಕರ್ಬಿನ್‌ನ ಗಾಳಿ 70 ಕಿ.ಮೀ.ಗೆ ಮುಗಿಯುತ್ತದೆ. ಅದನ್ನು ದಾಟಿದ ಕೂಡಲೇ ಚಪ್ಪಾಳೆ. ಸ್ವಲ್ಪ ಹೊತ್ತಿಗೆ ಇಂಧನ ತೀರಿ, ನೌಕೆ ಹೋದ ದಾರಿಯಲ್ಲೇ ಕೆಳಗೆ ಬೀಳುತ್ತದೆ. ಕಕ್ಷೆ ಎಂದರೆ ಎತ್ತರ ಎಂದು ಎಲ್ಲರ ತಲೆಯಲ್ಲೂ ಕೂತಿರುತ್ತದೆ. ಆದರೆ ಕಕ್ಷೆಯಲ್ಲಿರುವ ನೌಕೆಯೂ ಬೀಳುತ್ತಲೇ ಇರುತ್ತದೆ. ಅಡ್ಡಕ್ಕೆ ಎಷ್ಟು ವೇಗವಾಗಿ ಓಡುತ್ತಿರುತ್ತದೆಂದರೆ, ಅದು ಬಿದ್ದಷ್ಟೂ ನೆಲ ಕೆಳಗೆ ಬಾಗುತ್ತ ಹೋಗುತ್ತದೆ. ಕರ್ಬಿನ್‌ನಿಂದ 80 ಕಿ.ಮೀ. ಮೇಲೆ ಸುತ್ತಲು ಸೆಕೆಂಡಿಗೆ ಸುಮಾರು 2,280 ಮೀಟರ್ ವೇಗ ಬೇಕು. ಭೂಮಿಯ ಹತ್ತಿರದ ಕಕ್ಷೆಗೆ ಸೆಕೆಂಡಿಗೆ ಸುಮಾರು 7.8 ಕಿ.ಮೀ.

ಹಾಗಾಗಿ ವೇಗ ಸೆಕೆಂಡಿಗೆ 100 ಮೀಟರ್ ಮುಟ್ಟುವಷ್ಟರಲ್ಲಿ ಮೂತಿಯನ್ನು ಪೂರ್ವಕ್ಕೆ ಸ್ವಲ್ಪ ವಾಲಿಸಬೇಕು. 10 ಕಿ.ಮೀ. ಎತ್ತರಕ್ಕೆ 45 ಡಿಗ್ರಿ ಬಾಗಿರಬೇಕು. ಒಮ್ಮೆಲೇ ತಿರುಗಿಸಿದರೆ ದಟ್ಟ ಗಾಳಿ ರಾಕೆಟ್ ಅನ್ನು ಮಗುಚಿ ಹಾಕುತ್ತದೆ.

ಪೂರ್ವಕ್ಕೇ ಯಾಕೆ ಎಂದು ಕೇಳದ ಮಕ್ಕಳಿಲ್ಲ. ಜಮಖಂಡಿ ಇರುವುದು ಸುಮಾರು 16.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಭೂಮಿ ತನ್ನ ಸುತ್ತ ತಿರುಗುವುದರಿಂದ ಅಲ್ಲಿ ಸುಮ್ಮನೆ ಕಟ್ಟೆಯ ಮೇಲೆ ಕೂತವರೂ ಸೆಕೆಂಡಿಗೆ ಸುಮಾರು 446 ಮೀಟರ್ ವೇಗದಲ್ಲಿ ಪೂರ್ವಕ್ಕೆ ಸಾಗುತ್ತಿರುತ್ತಾರೆ. ಶ್ರೀಹರಿಕೋಟಾದಲ್ಲಿ ಇದು ಇನ್ನೂ ತುಸು ಹೆಚ್ಚು. ಪೂರ್ವಕ್ಕೆ ಹೊರಟ ರಾಕೆಟ್‌ಗೆ ಅಷ್ಟು ವೇಗ ಪುಕ್ಕಟೆ. ಕರ್ಬಿನ್‌ನ ಸಮಭಾಜಕದಲ್ಲಿ ಸಿಗುವುದು 175 ಮೀಟರ್ ಮಾತ್ರ, ಆದರೂ ಬಿಡುವಂಥದ್ದಲ್ಲ.

2. ಈ ತುದಿಯಲ್ಲಿ ನೂಕಿದರೆ ಆ ತುದಿ ಏಳುತ್ತದೆ

ಇಷ್ಟು ಮನಸ್ಸಿಗೆ ಇಳಿದರೆ ಅರ್ಧ ವಿದ್ಯೆ ಬಂದ ಹಾಗೆ. ಕಕ್ಷೆಗೆ ಎರಡು ತುದಿ: ಗ್ರಹದಿಂದ ಅತಿ ದೂರದ್ದು, ಅತಿ ಹತ್ತಿರದ್ದು. ಆಟದ ನಕ್ಷೆಯಲ್ಲಿ ಎರಡಕ್ಕೂ ಗುರುತು ಇರುತ್ತದೆ. ಹೋಗುತ್ತಿರುವ ದಿಕ್ಕಿಗೇ ಎಂಜಿನ್ ಉರಿಸಿದರೆ ನೀವಿರುವ ಜಾಗದ ಎತ್ತರ ಬದಲಾಗುವುದಿಲ್ಲ. ಗ್ರಹದ ಆಚೆ ಬದಿಯ ಎತ್ತರ ಏರುತ್ತದೆ. ಹಾಗಾಗಿ ದೂರದ ತುದಿ 80 ಕಿ.ಮೀ. ತೋರಿಸಿದ ಕೂಡಲೇ ಎಂಜಿನ್ ಆರಿಸಿ, ಸುಮ್ಮನೆ ತೇಲುತ್ತ ಅಲ್ಲಿಗೆ ತಲುಪಿ, ಅಲ್ಲಿ ಮತ್ತೆ ಉರಿಸಬೇಕು. ಆಗ ಹತ್ತಿರದ ತುದಿ ನೆಲದೊಳಗಿಂದ ಎದ್ದು ಬಂದು ಕಕ್ಷೆ ದುಂಡಗಾಗುತ್ತದೆ.

ಚಂದ್ರಯಾನ-3 ಮಾಡಿದ್ದು ಇದನ್ನೇ. 2023ರ ಜುಲೈ 14ರಂದು ಎಲ್‌ವಿಎಂ-3 ರಾಕೆಟ್ ಅದನ್ನು ಒಂದು ತುದಿ ಸುಮಾರು 170 ಕಿ.ಮೀ., ಇನ್ನೊಂದು ತುದಿ ಸುಮಾರು 36,500 ಕಿ.ಮೀ. ಇರುವ ಉದ್ದನೆಯ ಕಕ್ಷೆಯಲ್ಲಿ ಬಿಟ್ಟಿತು. ಆಮೇಲೆ ಹೆಚ್ಚಾಗಿ ಭೂಮಿಗೆ ಹತ್ತಿರ ಬಂದಾಗ ಒಂದಿಷ್ಟು ಉರಿಸಿ, ಐದು ಹಂತಗಳಲ್ಲಿ ಆಚೆ ತುದಿಯನ್ನು ಜುಲೈ 25ರ ಹೊತ್ತಿಗೆ ಸುಮಾರು 1,27,600 ಕಿ.ಮೀ.ಗೆ ಏರಿಸಿದರು. ಆಗಸ್ಟ್ 1ರಂದು ಚಂದ್ರನ ದಾರಿ ಹಿಡಿಸಿದರು. ಹತ್ತಿರದ ತುದಿಯಲ್ಲಿ ನೌಕೆಯ ವೇಗ ಹೆಚ್ಚು. ವೇಗ ಹೆಚ್ಚಿದ್ದಾಗ ಉರಿಸಿದ ಒಂದೊಂದು ಕಿಲೋ ಇಂಧನವೂ ಹೆಚ್ಚು ಶಕ್ತಿ ಗಳಿಸಿ ಕೊಡುತ್ತದೆ. ಆ ದಿನಗಳಲ್ಲಿ ‘ಇಷ್ಟು ಸುತ್ತು ಯಾಕೆ, ನೇರ ಹೋಗಬಾರದೇ’ ಎಂದು ದೊಡ್ಡವರು ಕೇಳಿದಾಗ, ನಮ್ಮ ಮಾಳಿಗೆಯ ಮಕ್ಕಳೇ ಅವರನ್ನು ಪರದೆಯ ಮುಂದೆ ಕೂರಿಸಿಕೊಂಡು ಉರಿಸಿ ತೋರಿಸಿದರು.

ಕರ್ಬಿನ್‌ನ ಚಂದಿರನಿಗೆ ಮನ್ ಎಂದು ಹೆಸರು. ಅಲ್ಲಿಗೆ ಹೋಗಲು ನಮ್ಮಲ್ಲಿ ಒಂದು ಸರಳ ಲೆಕ್ಕ ಚಾಲ್ತಿಯಲ್ಲಿದೆ: ಕೆಳಕಕ್ಷೆಯಲ್ಲಿ ಸುತ್ತುತ್ತಿರುವಾಗ ಮನ್ ದಿಗಂತದ ಮೇಲೆ ಮೂಡುತ್ತಿದ್ದಂತೆ ಮುಂದಕ್ಕೆ ಉರಿಸಿ. ಸುಮಾರು 860 ಮೀಟರ್ ವೇಗ ಕೂಡಿದರೆ ಸಾಕು.

3. ಹಾರುವ ಮುಂಚೆ ಕಾಗದ, ಪೆನ್ಸಿಲ್

ರಾಕೆಟ್ ಸಾಲದೇ ಬಂದರೆ ಮಕ್ಕಳು ಮೊದಲು ಮಾಡುವುದು ಇನ್ನೊಂದು ಟ್ಯಾಂಕ್ ಏರಿಸುವುದು. ಆಗ ನಾನು ಎಂಜಿನ್ ಮುಟ್ಟಲು ಬಿಡುವುದಿಲ್ಲ, ಲೆಕ್ಕ ಮಾಡಿಸುತ್ತೇನೆ. ನೌಕೆ ಖಾಲಿ ಇದ್ದಾಗ 10 ಟನ್, ಇಂಧನ 10 ಟನ್, ಒಟ್ಟು 20 ಎನ್ನೋಣ. ಎಂಜಿನ್‌ನಿಂದ ಹೊಗೆ ಚಿಮ್ಮುವ ವೇಗ ಸೆಕೆಂಡಿಗೆ 3,000 ಮೀಟರ್. 20ನ್ನು 10ರಿಂದ ಭಾಗಿಸಿದರೆ 2. ಅದರ ಸಹಜ ಲಾಗರಿದಂ 0.693. ಅದನ್ನು 3,000ದಿಂದ ಗುಣಿಸಿದರೆ ನೌಕೆಗೆ ದಕ್ಕುವ ಒಟ್ಟು ವೇಗಬದಲಾವಣೆ ಸುಮಾರು 2,080 ಮೀಟರ್. ಇದನ್ನೇ ಎಲ್ಲರೂ ಡೆಲ್ಟಾ-ವಿ ಎನ್ನುವುದು. ಈಗ ಇನ್ನೂ 10 ಟನ್ ಇಂಧನ ಹಾಕಿ. ಟ್ಯಾಂಕಿನ ತೂಕ ಲೆಕ್ಕಕ್ಕೆ ಹಿಡಿಯದಿದ್ದರೂ 30 ಭಾಗಿಸು 10, ಅಂದರೆ 3, ಲಾಗ್ 1.099, ಸಿಗುವುದು ಸುಮಾರು 3,300. ಮೊದಲ ಹತ್ತು ಟನ್ 2,080 ಕೊಟ್ಟರೆ ಎರಡನೇ ಹತ್ತು ಟನ್ ಕೊಟ್ಟದ್ದು 1,220 ಮಾತ್ರ. ಕೂಡಿಸುತ್ತ ಹೋದಷ್ಟೂ ಲಾಭ ಕುಗ್ಗುತ್ತದೆ.

ಖಾಲಿಯಾದ ಟ್ಯಾಂಕ್, ಎಂಜಿನ್‌ಗಳನ್ನು ದಾರಿಯಲ್ಲೇ ಕಳಚಿ ಬಿಡುವುದು ಇದಕ್ಕಾಗಿ. ಪಿಎಸ್‌ಎಲ್‌ವಿಗೆ ನಾಲ್ಕು ಹಂತ ಯಾಕೆ ಎಂಬ ಪ್ರಶ್ನೆಗೆ ಈ ಅರ್ಧ ಪುಟದ ಲೆಕ್ಕಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ಪಿಯುಸಿಯಲ್ಲಿ ಲಾಗರಿದಂ ಎಂದರೆ ಹೆದರುತ್ತಿದ್ದ ಹುಡುಗರು ಇಲ್ಲಿ ತಾವಾಗಿಯೇ ಲಾಗ್ ಟೇಬಲ್ ಬಿಚ್ಚುವುದನ್ನು ನೋಡಿ ನನಗೆ ಆಗುವ ಖುಷಿ ಸಣ್ಣದಲ್ಲ.

4. ನಿಲ್ಲಿಸುವ ಯೋಚನೆ ಮೊದಲು

ಕಬ್ಬಿನ ಹಂಗಾಮಿನಲ್ಲಿ ಜಮಖಂಡಿ–ಮುಧೋಳ ರಸ್ತೆಯಲ್ಲಿ ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡು ಫ್ಯಾಕ್ಟರಿಗೆ ಹೊರಟ ಟ್ರ್ಯಾಕ್ಟರ್ ಡ್ರೈವರ್‌ನನ್ನು ಗಮನಿಸಿ. ತಿರುವು ಇನ್ನೂ ದೂರ ಇರುವಾಗಲೇ ಅವನು ವೇಗ ಇಳಿಸಿರುತ್ತಾನೆ. ಹಿಂದಿನ ಭಾರ ತನ್ನ ಮಾತು ಕೇಳುವುದಿಲ್ಲ ಎಂದು ಅವನಿಗೆ ಗೊತ್ತು. ನೌಕೆಯೂ ಹಾಗೇ. ಅಲ್ಲಿ ತಿಕ್ಕಾಟವೇ ಇಲ್ಲ, ಶುರುವಾದ ಚಲನೆ ತಾನಾಗಿ ನಿಲ್ಲುವುದಿಲ್ಲ. ಎಡಕ್ಕೆ ತಿರುಗಿಸಲು ಎಷ್ಟು ಒತ್ತಿದಿರೋ ಅಷ್ಟೇ ಬಲಕ್ಕೆ ಒತ್ತಿದರೆ ಮಾತ್ರ ತಿರುಗುವುದು ನಿಲ್ಲುತ್ತದೆ. ಅದಕ್ಕೆ ಕೀಲಿಯನ್ನು ಒತ್ತಿ ಹಿಡಿಯಬಾರದು. ತಟ್ಟಿ ಬಿಡಬೇಕು, ಕಾಯಬೇಕು, ನೋಡಬೇಕು.

1966ರ ಮಾರ್ಚ್ 16ರಂದು ನೀಲ್ ಆರ್ಮ್‌ಸ್ಟ್ರಾಂಗ್, ಡೇವಿಡ್ ಸ್ಕಾಟ್ ಇದ್ದ ಜೆಮಿನಿ-8 ನೌಕೆ ಮೊಟ್ಟಮೊದಲ ಬಾರಿಗೆ ಬಾಹ್ಯಾಕಾಶದಲ್ಲಿ ಇನ್ನೊಂದು ನೌಕೆಗೆ ಜೋಡಣೆಯಾಯಿತು. ಸ್ವಲ್ಪ ಹೊತ್ತಿಗೆ ನೌಕೆಯನ್ನು ತಿರುಗಿಸುವ ಪುಟ್ಟ ಎಂಜಿನ್, ಅಂದರೆ ಥ್ರಸ್ಟರ್, ಒಂದು ಉರಿಯುತ್ತಲೇ ಉಳಿದು, ನೌಕೆ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಸುತ್ತಿನಂತೆ ಗಿರಗಿರನೆ ತಿರುಗತೊಡಗಿತು. ಕಣ್ಣು ಮಂಜಾಗುತ್ತಿದ್ದರೂ ಆರ್ಮ್‌ಸ್ಟ್ರಾಂಗ್ ಆ ಥ್ರಸ್ಟರ್‌ಗಳನ್ನು ಬಂದ್ ಮಾಡಿ, ಭೂಮಿಗೆ ಮರಳುವಾಗ ಬಳಸಬೇಕಿದ್ದ ಬೇರೆ ಥ್ರಸ್ಟರ್‌ಗಳಿಂದ ಅದನ್ನು ನಿಲ್ಲಿಸಿದರು. ಯಾವ ಥ್ರಸ್ಟರ್ ಎಲ್ಲಿದೆ, ಯಾವುದು ಯಾವ ಕಡೆ ನೂಕುತ್ತದೆ ಎಂಬುದು ಕೈಗೇ ಗೊತ್ತಿರಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

5. ಮುಂದಿರುವವರನ್ನು ಹಿಡಿಯಲು ವೇಗ ಇಳಿಸಿ

“ಕಾಕಾ, ಮುಂದ ಇದ್ದಾಂವನ್ನ ಹಿಡೀಬೇಕಂದ್ರ ಹಿಂದಕ್ಕ ನೂಕಬೇಕೇನ್ರಿ?” ಎಂದು ಬೀಳಗಿಯಿಂದ ಬಂದ ಹುಡುಗಿ ನಂಬದೆ ಕೇಳಿದ್ದಳು. ಹೌದು, ಹಾಗೇ. ಹಿಂದಕ್ಕೆ ನೂಕಿದರೆ ಕಕ್ಷೆ ಕೆಳಗಿಳಿಯುತ್ತದೆ. ಕೆಳಗಿನ ಕಕ್ಷೆಯ ಸುತ್ತು ಚಿಕ್ಕದು, ಓಟವೂ ಚುರುಕು. ಒಳದಾರಿಯಲ್ಲಿ ಮುಂದೆ ಸಾಗಿ, ಹೊತ್ತು ನೋಡಿ ಮತ್ತೆ ಮೇಲೇರಬೇಕು. ಮುಂದಕ್ಕೆ ನೂಕಿದರೆ ಮೇಲೇರಿ, ನಿಧಾನವಾಗಿ, ಹಿಂದೆ ಬೀಳುತ್ತೀರಿ.

ಇದನ್ನು ದೊಡ್ಡ ಪೈಲಟ್‌ಗಳೂ ಬಾಹ್ಯಾಕಾಶಕ್ಕೇ ಹೋಗಿ ಕಲಿತರು. 1965ರ ಜೂನ್‌ನಲ್ಲಿ ಜೆಮಿನಿ-4ರ ಜೇಮ್ಸ್ ಮ್ಯಾಕ್‌ಡಿವಿಟ್ ತಮ್ಮದೇ ರಾಕೆಟ್‌ನ ಖಾಲಿ ಹಂತದ ಹತ್ತಿರ ಹೋಗಲು ಅದರತ್ತ ಮೂತಿ ಮಾಡಿ ಎಂಜಿನ್ ಉರಿಸಿದರು. ಇಂಧನ ಖರ್ಚಾಯಿತು, ಅಂತರ ಕಡಿಮೆಯಾಗಲಿಲ್ಲ, ಪ್ರಯತ್ನ ಕೈಬಿಡಬೇಕಾಯಿತು. ಅದೇ ವರ್ಷ ಡಿಸೆಂಬರ್ 15ರಂದು ವಾಲಿ ಶಿರಾ ಲೆಕ್ಕದ ಪ್ರಕಾರ ಕೆಳಕಕ್ಷೆಯಿಂದ ಏರುತ್ತ ಬಂದು ಜೆಮಿನಿ-6ನ್ನು ಜೆಮಿನಿ-7ರ ಪಕ್ಕದಲ್ಲೇ ತಂದು ನಿಲ್ಲಿಸಿದರು.

ಈ ಪಾಠ ಮಾಡಿದ ಸಂಜೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ನಮ್ಮ ಮೇಲೆ ಹಾಯುವುದಿದ್ದರೆ ಎಲ್ಲರನ್ನೂ ಮಾಳಿಗೆಗೆ ಕರೆದೊಯ್ಯುತ್ತೇನೆ. ಬರಿಗಣ್ಣಿಗೇ ಕಾಣುತ್ತದೆ, ಮಿನುಗದ ಬೆಳ್ಳನೆ ಚುಕ್ಕಿ, ಕೆಲವೇ ನಿಮಿಷದಲ್ಲಿ ದಾಟಿ ಹೋಗುತ್ತದೆ. ಸುಮಾರು 400 ಕಿ.ಮೀ. ಮೇಲಿರುವ ಅದರ ಒಂದು ಸುತ್ತಿಗೆ ಒಂದೂವರೆ ತಾಸು. ಚಂದ್ರ ಸುತ್ತುವುದು 27 ದಿನಕ್ಕೊಮ್ಮೆ. ಕೆಳಗಿರುವುದು ಬೇಗ, ಮೇಲಿರುವುದು ನಿಧಾನ ಎಂಬುದು ಎರಡನ್ನೂ ಒಟ್ಟಿಗೆ ನೋಡಿದಾಗ ಬಾಯಿಪಾಠವಿಲ್ಲದೆ ಉಳಿಯುತ್ತದೆ.

6. ಪ್ರತಿ ಉರಿಸುವ ಮುಂಚೆ ಸೇವ್

ಎಫ್‌5 ಒತ್ತಿ. ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು, ಹಳೆಯ ಲ್ಯಾಪ್‌ಟಾಪ್ ಬ್ಯಾಟರಿ ನಂಬುವಂಥದ್ದಲ್ಲ.

7. ಹತ್ತಿರ ಬಂದಷ್ಟೂ ನಿಧಾನ. ಬೇಕಾದರೆ ಹಿಂದೆ ಸರಿಯಿರಿ

ಡಾಕಿಂಗ್‌ಗೆ, ಅಂದರೆ ಎರಡು ನೌಕೆಗಳ ಜೋಡಣೆಗೆ, ನಾನು ಇಟ್ಟಿರುವ ಕಟ್ಟಳೆ: 100 ಮೀಟರ್ ಅಂತರದಲ್ಲಿ ಸೆಕೆಂಡಿಗೆ 1 ಮೀಟರ್, ಕೊನೆಯ 10 ಮೀಟರ್‌ನಲ್ಲಿ 0.2. ಮೊದಲು ಮೂತಿ ನೇರ ಮಾಡಿ, ಆಮೇಲೆ ಎಡ-ಬಲ, ಮೇಲೆ-ಕೆಳಗೆ ಜಾರುವುದನ್ನು ಸೊನ್ನೆಗೆ ತನ್ನಿ, ಕಡೆಗೆ ಮುಂದೆ ಹೋಗಿ. ಮೂರನ್ನೂ ಒಟ್ಟಿಗೆ ಮಾಡಲು ಹೋಗಬೇಡಿ. ಇದನ್ನು ಕಲಿಯಲು ಲ್ಯಾಪ್‌ಟಾಪೂ ಬೇಡ. ಸ್ಪೇಸ್‌ಎಕ್ಸ್ 2020ರಲ್ಲಿ ಡ್ರ್ಯಾಗನ್ ನೌಕೆಯ ಡಾಕಿಂಗ್ ಸಿಮ್ಯುಲೇಟರ್ ಒಂದನ್ನು ಪುಕ್ಕಟೆಯಾಗಿ ಬಿಟ್ಟಿದೆ, ಬ್ರೌಸರ್‌ನಲ್ಲೇ ಓಡುತ್ತದೆ. ಎಲ್ಲ ಹಸಿರು ಅಂಕೆಗಳೂ 0.2ಕ್ಕಿಂತ ಕೆಳಗಿದ್ದರೆ ಜೋಡಣೆ.

ಇಸ್ರೋದ ಸ್ಪೇಡೆಕ್ಸ್ ನನಗೆ ತುಂಬ ಹಿಡಿಸಿದ ಕಾರ್ಯಾಚರಣೆ. ತಲಾ ಸುಮಾರು 220 ಕಿಲೋ ತೂಕದ ಎರಡು ಉಪಗ್ರಹಗಳನ್ನು 2024ರ ಡಿಸೆಂಬರ್ 30ರಂದು ಹಾರಿಸಿದರು. ಜೋಡಣೆಯ ದಿನಾಂಕ ಮುಂದೆ ಹೋಯಿತು. ಜನವರಿ 12ರಂದು 15 ಮೀಟರ್‌ವರೆಗೆ, ಆಮೇಲೆ 3 ಮೀಟರ್‌ವರೆಗೆ ತಂದು, ಮತ್ತೆ ಸುರಕ್ಷಿತ ಅಂತರಕ್ಕೆ ಹಿಂದೆ ಸರಿಸಿದರು. 16ರಂದು ಜೋಡಿಸಿದರು. 3 ಮೀಟರ್ ಅಂತರದಿಂದ ಹಿಂದೆ ಸರಿಯಲು ಬೇಕಾದ ಎದೆಗಾರಿಕೆಯನ್ನು ನಾನು ಮಕ್ಕಳಿಗೆ ಪ್ರತಿ ಸಲ ಹೇಳುತ್ತೇನೆ. ಅದರ ಎದುರಿಗೆ 1997ರ ಜೂನ್ 25ರ ಘಟನೆ: ಮೀರ್ ನಿಲ್ದಾಣಕ್ಕೆ ಕೈಯಾರೆ ನಡೆಸಿ ತರುತ್ತಿದ್ದ ಪ್ರೋಗ್ರೆಸ್ ಸರಕುನೌಕೆ ವೇಗ ಇಳಿಯದೆ ಬಂದು ಬಡಿದು, ಒಂದು ಕೋಣೆಯ ಗಾಳಿ ಸೋರಿ, ಅದನ್ನು ಮುಚ್ಚಿಯೇ ಬಿಡಬೇಕಾಯಿತು.

8. ಇಳಿಯುವಾಗ ಮೊದಲು ಅಡ್ಡವೇಗ ಕೊಲ್ಲಿ

ಮನ್‌ನ ಗುರುತ್ವ ಹೆಚ್ಚುಕಡಿಮೆ ನಮ್ಮ ಚಂದ್ರನದಷ್ಟೇ, ಗಾಳಿಯೂ ಇಲ್ಲ. ಹಾಗಾಗಿ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಇಳಿಯುವ ಮುಂಚೆ ವೇಗ ತೋರಿಸುವ ಗುಂಡನ್ನು ಕಕ್ಷೆಯ ಲೆಕ್ಕದಿಂದ ನೆಲದ ಲೆಕ್ಕಕ್ಕೆ ಬದಲಿಸಿಕೊಳ್ಳಿ. ಪರದೆ ತೋರಿಸುವ ಎತ್ತರ ಸಮುದ್ರಮಟ್ಟದ ಲೆಕ್ಕದ್ದು. ಕೆಳಗೆ ಗುಡ್ಡ ಇದ್ದರೆ ಅಷ್ಟು ಜಾಗ ಇರುವುದಿಲ್ಲ. ನೆಲ ಹತ್ತಿರ ಬಂದಾಗ ನಿಮ್ಮದೇ ನೆರಳು ನೋಡಿ. ನೆರಳು ನೌಕೆಯತ್ತ ಓಡಿ ಬರುವ ಬಿರುಸು ನೋಡಿದರೆ ನೆಲ ಎಷ್ಟು ದೂರ ಎಂದು ಕಣ್ಣಿಗೇ ತಿಳಿಯುತ್ತದೆ.

2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ಲ್ಯಾಂಡರ್ ವಿಕ್ರಮ್ ಚಂದ್ರನ ಮೇಲೆ ಇಳಿದದ್ದನ್ನು ಟಿವಿಯಲ್ಲಿ ನೋಡಿದವರಿಗೆ ಇಳಿಯುವ ದಾರಿ ತೋರಿಸುತ್ತಿದ್ದ ಗೆರೆ ನೆನಪಿರಬಹುದು. 30 ಕಿ.ಮೀ. ಎತ್ತರದಲ್ಲಿ ವಿಕ್ರಮ್‌ನ ಅಡ್ಡವೇಗ ಸೆಕೆಂಡಿಗೆ 1.68 ಕಿ.ಮೀ. ಹನ್ನೊಂದು ನಿಮಿಷ ಚಿಲ್ಲರೆ ಎಂಜಿನ್ ಉರಿಸಿ ಸುಮಾರು 7.4 ಕಿ.ಮೀ. ಎತ್ತರಕ್ಕೆ ಬರುವಷ್ಟರಲ್ಲಿ ಅದನ್ನು 358 ಮೀಟರ್‌ಗೆ ಇಳಿಸಿದರು. ನೆಟ್ಟಗೆ ನಿಂತು ಕೆಳಗಿಳಿಯುವುದು ಆಮೇಲಿನ ಮಾತು. 6 ಗಂಟೆ 4 ನಿಮಿಷಕ್ಕೆ ಕಾಲು ಊರಿತು. 2019ರ ಸೆಪ್ಟೆಂಬರ್ 7ರಂದು ಚಂದ್ರಯಾನ-2ರ ಲ್ಯಾಂಡರ್ ಬಡಿದು ಬಿದ್ದ ಮೇಲೆ ಇದರ ಕಾಲುಗಳನ್ನು ಗಟ್ಟಿ ಮಾಡಿ, ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಕೂತರೂ ತಾಳುವಂತೆ ಮಾಡಿದ್ದರು. ನಮ್ಮ ಮಕ್ಕಳಿಗೂ ಇದೇ ಮಿತಿ: 3 ಮೀಟರ್ ದಾಟಿದರೆ ಇಳಿದದ್ದು ಲೆಕ್ಕಕ್ಕಿಲ್ಲ.

9. ಆಟೊಪೈಲಟ್ ಕಡೆಗೆ

ಮೆಕ್‌ಜೆಬ್ ಎಂಬ ಸೇರ್ಪಡೆ ಹಾಕಿಕೊಂಡರೆ ಎಲ್ಲವನ್ನೂ ಅದೇ ಮಾಡುತ್ತದೆ. ನಿಜದ ನೌಕೆಗಳೂ ಹೆಚ್ಚಾಗಿ ತಾವೇ ಹಾರುತ್ತವೆ. 2025ರ ಜೂನ್‌ನಲ್ಲಿ ಆಕ್ಸಿಯಂ-4ರ ಪೈಲಟ್ ಆಗಿ ಹೋದ ಶುಭಾಂಶು ಶುಕ್ಲಾ ಅವರ ಡ್ರ್ಯಾಗನ್ ಕೂಡ ನಿಲ್ದಾಣಕ್ಕೆ ತಾನಾಗಿಯೇ ಜೋಡಣೆಯಾಗುವಂಥದ್ದು. ಆದರೂ ಪೈಲಟ್‌ಗಳಿಗೆ ಕೈಯಾರೆ ನಡೆಸುವ ತಾಲೀಮು ತಪ್ಪಿಲ್ಲ. ಯಂತ್ರ ದಾರಿ ತಪ್ಪಿತೆಂದು ಗುರುತಿಸಲು ಸರಿಯಾದ ದಾರಿ ಗೊತ್ತಿರಬೇಕು. ಒಮ್ಮೆ ಕೈಯಾರೆ ಮನ್ ಮುಟ್ಟಿ ಕರ್ಬಿನ್‌ಗೆ ಮರಳಿದವರಿಗೆ ಮಾತ್ರ ನಾನು ಮೆಕ್‌ಜೆಬ್ ಹಾಕಿಕೊಡುವುದು.

10. ಆಮೇಲೆ ನಿಜದ ಭೂಮಿ

ಕರ್ಬಿನ್ ಪಳಗಿದ ಮೇಲೆ ‘ಆರ್ಬಿಟರ್’ಗೆ ಬನ್ನಿ. ಮಾರ್ಟಿನ್ ಶ್ವೈಗರ್ 2000ದಲ್ಲಿ ಹೊರತಂದ ಈ ಸಿಮ್ಯುಲೇಟರ್ ಪುಕ್ಕಟೆ. 2021ರಿಂದ ಅದರ ಮೂಲ ಕೋಡ್ ಕೂಡ ಎಲ್ಲರಿಗೂ ಮುಕ್ತ. ಇಲ್ಲಿ ನಿಜದ ಸೌರಮಂಡಲ, ನಿಜದ ಅಳತೆ. ಕರ್ಬಿನ್‌ನಲ್ಲಿ ಕಕ್ಷೆ ಸೇರಲು ಸುಮಾರು 3,400 ಮೀಟರ್ ಡೆಲ್ಟಾ-ವಿ ಸಾಕಾಗಿತ್ತು. ಭೂಮಿಯಲ್ಲಿ 9,000 ದಾಟುತ್ತದೆ. ಪರದೆಯ ಮೇಲೆ ಬಣ್ಣ ಕಡಿಮೆ, ಅಂಕೆ ಹೆಚ್ಚು. ಮೊದಲು ಡೆಲ್ಟಾ-ಗ್ಲೈಡರ್ ಎಂಬ ನೌಕೆ ತೆಗೆದುಕೊಳ್ಳಿ, ಅದರ ಇಂಧನ ಉದಾರವಾಗಿದೆ. ಮುಧೋಳದ ಒಬ್ಬ ಹುಡುಗ ಈಗ ಅದರಲ್ಲಿ ಚಂದ್ರಯಾನ-3ರ ಐದೂ ಹಂತಗಳನ್ನು ಒಂದೊಂದಾಗಿ ಮಾಡುತ್ತಿದ್ದಾನೆ, ಮೂರನೆಯದು ಮುಗಿದಿದೆ. ನಾಲ್ಕನೆಯದಕ್ಕೆ ಎಷ್ಟು ಹೊತ್ತು ಉರಿಸಬೇಕೆಂಬ ಲೆಕ್ಕವನ್ನು ದೀಪಾವಳಿ ರಜೆಗೆ ಬರುವಾಗ ಬರೆದುಕೊಂಡು ಬರುತ್ತಾನೆ.