ಆಲೂಗೆಡ್ಡೆಯ ರಾಶಿಗೆ ಲಂಟಾನದ ಹೊದಿಕೆ

ಹಾಸನದ ಸೀಮೆಯಲ್ಲಿ ಮುಂಗಾರಿನ ಆಲೂಗೆಡ್ಡೆ ಬೆಳೆಯುವವನಿಗೆ ಚಿಂತೆಗೆ ಬಡತನವಿಲ್ಲ. ಜಲಂಧರದಿಂದ ಬರುವ ಬಿತ್ತನೆಗೆಡ್ಡೆಯ ಬೆಲೆ, ಜಡಿಮಳೆಯಲ್ಲಿ ಎಲೆಯನ್ನು ಸುಟ್ಟಂತೆ ಕಪ್ಪಾಗಿಸುವ ಅಂಗಮಾರಿ, ಕೀಳುವ ಹೊತ್ತಿಗೆ ಸರಿಯಾಗಿ ಕುಸಿಯುವ ಧಾರಣೆ, ಇವೆಲ್ಲವನ್ನೂ ದಾಟಿ ಬಂದ ಗೆಡ್ಡೆಯನ್ನು, ನಾಲ್ಕು ಕಾಸು ಹೆಚ್ಚು ಬರುವವರೆಗೆ ಇರಲೆಂದು ಕೋಣೆಯಲ್ಲಿ ರಾಶಿ ಹಾಕಿದ ಮೇಲೆಯೇ ಕಡೆಯ ಶತ್ರುವಿನ ಪ್ರವೇಶ. ಗೆಡ್ಡೆಯ ಕಣ್ಣಿನ ಬಳಿ ಸಾಸಿವೆಗಿಂತಲೂ ಸಣ್ಣದಾದ ಕರಿಯ ಹಿಕ್ಕೆ ಕಂಡಿತೆಂದರೆ ಒಳಗೆ ಹುಳು ಸುರಂಗ ತೋಡಿದೆಯೆಂದೇ ಅರ್ಥ. ಉಗುರಿನಿಂದ ಸಿಪ್ಪೆಯನ್ನು ಎಬ್ಬಿಸಿದರೆ, ನವಿರಾದ ಬಲೆಯ ಅಸ್ತರಿಯುಳ್ಳ ಆ ಸುರಂಗವು ತಿರುಳಿನೊಳಕ್ಕೆ ಹಾದುಹೋಗಿರುವುದು ಕಾಣುತ್ತದೆ, ಮತ್ತು ಅದರ ಬೆನ್ನಿಗೇ ಕೊಳೆತದ ದುರ್ವಾಸನೆಯೂ ಮೂಗಿಗಡರುತ್ತದೆ.

ಈ ಹುಳುವಿಗೆ ಪುಡಿಯ ರೂಪದ ವಿಷವನ್ನು ಎರಚುವ ವಾಡಿಕೆಯಿತ್ತು. ತಿನ್ನುವ ಗೆಡ್ಡೆಯ ಮೇಲೆ, ಅದೂ ಮಲಗುವ ಕೋಣೆಯ ಪಕ್ಕದಲ್ಲಿ, ಅಂತಹ ದ್ರವ್ಯವನ್ನು ಚೆಲ್ಲಲು ನನ್ನ ಮನಸ್ಸು ಒಪ್ಪದಿದ್ದಾಗ, ಕೃಷಿವಿಜ್ಞಾನಿಗಳೂ ಸೂಚಿಸುವ ಒಂದು ಉಪಾಯವನ್ನು ನಮ್ಮ ಭಾವನವರು ಹೇಳಿಕೊಟ್ಟರು. ಬೇಲಿಯನ್ನೂ ಗೋಮಾಳವನ್ನೂ ನುಂಗಿ ನಿಂತಿರುವ ಲಂಟಾನವನ್ನು ಹೂ ಬಿಡುವ ಮುನ್ನ ಸವರಿ, ನೆರಳಿನಲ್ಲಿ ಒಣಗಿಸಿ, ಎಲೆಯನ್ನು ಕೈಯಲ್ಲಿ ತರಿಯಾಗಿ ಮುರಿದು, ನೆಲಕ್ಕೆ ಒಂದು ಹಾಸು ಹಾಸಿ, ಅದರ ಮೇಲೆ ಗೆಡ್ಡೆಯನ್ನು ಹರವಿ, ಪುನಃ ಬೆರಳಗಲದ ಹೊದಿಕೆಯನ್ನು ಮೇಲೆ ಹೊದಿಸುವುದು, ವಿಧಾನವೆಲ್ಲ ಇಷ್ಟೆ. ಈ ಹುಳುವಿನ ತಾಯಿಯಾದ ಪತಂಗಕ್ಕೆ ಮೊಟ್ಟೆಯಿಡಲು ಗೆಡ್ಡೆಯ ಕಣ್ಣು ಸಿಕ್ಕುವುದಿಲ್ಲ, ಎಲೆಯ ಕಟು ಗಂಧವು ಅದನ್ನು ಹತ್ತಿರಕ್ಕೂ ಬಿಡುವುದಿಲ್ಲ. ಆ ಗಂಧದ ಪ್ರಭಾವ ಮನುಷ್ಯರ ಮೇಲೂ ಸಣ್ಣದಲ್ಲ. ಎಲೆ ಮುರಿಯಲು ಕುಳಿತ ಆಳುಹೆಂಗಸೊಬ್ಬಳು, ‘ಅಣ್ಣೋ, ಈ ನಾತಕ್ಕೆ ಹುಳ ಹೋಯ್ತವೋ ಇಲ್ವೋ, ನಾವಂತೂ ಹೋಯ್ತೀವಿ’ ಎಂದು ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ಆದರೆ ಹೊದಿಕೆಯೊಂದರಿಂದಲೇ ಕಾರ್ಯಸಿದ್ಧಿಯಾಗದೆಂಬುದನ್ನು ನಾನು ಕ್ರಮೇಣ ಕಂಡುಕೊಂಡೆನು. ಹೊಲದಲ್ಲಿ ಬುಡಕ್ಕೆ ಮಣ್ಣು ಚೆನ್ನಾಗಿ ಏರಿಸದೆ ಗೆಡ್ಡೆ ಹೊರಗಿಣುಕಿದರೆ ಪತಂಗವು ಅಲ್ಲಿಯೇ ಮೊಟ್ಟೆಯಿಟ್ಟಿರುತ್ತದೆ. ಕಿತ್ತ ಗೆಡ್ಡೆಯನ್ನು ಬಿಸಿಲಿಗೆ ಅಂಜಿ ಅದರದೇ ಸೊಪ್ಪಿನಿಂದ ಮುಚ್ಚಿ ರಾತ್ರಿ ಹೊಲದಲ್ಲಿ ಬಿಡುವುದಂತೂ ಬಾಡುವ ಸೊಪ್ಪಿನಲ್ಲಿರುವ ಮರಿಹುಳುಗಳನ್ನು ಕೈಯಾರೆ ಗೆಡ್ಡೆಗೆ ಇಳಿಸಿದಂತೆ. ಹೀಗೆ ಒಳಗೆ ಸೇರಿಯೇ ಬಂದ ಹುಳುವನ್ನು ಯಾವ ಎಲೆಯ ಹೊದಿಕೆಯೂ ಹೊರಗೆಳೆಯಲಾರದು. ಗೆಡ್ಡೆಯನ್ನು ಒಂದೊಂದಾಗಿ ಆರಿಸಿದ ಮೇಲೆ ಹೊದಿಸಿದ ರಾಶಿಯು ಉಳಿದಷ್ಟು ಚೆನ್ನಾಗಿ, ಆರಿಸದೆ ಹೊದಿಸಿದ ರಾಶಿ ನನ್ನಲ್ಲಿ ಎಂದೂ ಉಳಿಯಲಿಲ್ಲ.

ಆಲೂಗೆಡ್ಡೆಯೂ ಅದನ್ನು ಕೊರೆಯುವ ಪತಂಗವೂ ಲಂಟಾನವೂ ಮೂಲದಲ್ಲಿ ಅಮೆರಿಕದ ಖಂಡಗಳವೆಂಬುದು ನನಗೆ ವಿನೋದವಾಗಿ ತೋರುತ್ತದೆ. 19ನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರದ ಗಿಡವಾಗಿ ಬಂದ ಲಂಟಾನವನ್ನು ಹಕ್ಕಿಗಳು ಹಣ್ಣು ತಿಂದು ದೇಶವೆಲ್ಲ ಬಿತ್ತಿದವು. ಪತಂಗವಾದರೋ ಅದಾದ ಸುಮಾರು ಒಂದು ಶತಮಾನದ ಅನಂತರ ಇಟಲಿಯ ಬಿತ್ತನೆಗೆಡ್ಡೆಯಲ್ಲಿ ಅಡಗಿ ಬಂದಿತು.

ಕೋಣೆಯಲ್ಲಿ ಫಲಿಸಿದುದು ಬಯಲಿನಲ್ಲಿ ಅಷ್ಟಾಗಿ ಫಲಿಸಲಿಲ್ಲ. ಅದೇ ಎಲೆಯನ್ನು ಗಂಜಲದಲ್ಲಿ ಕೊಳೆಹಾಕಿ, ಸೋಸಿ, ಸಾಬೂನಿನ ನೀರು ಬೆರಸಿ ಸಂಜೆಯ ಹೊತ್ತು ಅವರೆಯ ಹೇನಿಗೆ ಸಿಂಪಡಿಸಿದರೆ ಹೇನು ಇಳಿಯುವುದು ನಿಜ. ಒಂದು ಮಳೆ ಬಂದರೆ ಕಷಾಯವೂ ಶ್ರಮವೂ ಒಟ್ಟಿಗೆ ತೊಳೆದುಹೋಗುವುದೂ ಅಷ್ಟೇ ನಿಜ. ಕಾಂಗ್ರೆಸ್ ಗಿಡದ ಕಷಾಯವನ್ನು ಹೊಗಳುವವರಿದ್ದಾರೆ. 1950ರ ದಶಕದಲ್ಲಿ ಪುಣೆಯ ಬಳಿ ಕಾಣಿಸಿಕೊಂಡು ನಾಡನ್ನೆಲ್ಲ ವ್ಯಾಪಿಸಿದ ಆ ಗಿಡದ ರಸವು ಮೊಳೆಯುವ ಬೀಜವನ್ನೇ ಕುಗ್ಗಿಸುತ್ತದೆ, ಮುಟ್ಟಿದ ಚರ್ಮಕ್ಕೆ ಕಜ್ಜಿಯನ್ನು ತರುತ್ತದೆ; ಆದಕಾರಣ ಅದನ್ನು ಹೂವಿಗೆ ಮುನ್ನ ಕಿತ್ತು ಗೊಬ್ಬರದ ಗುಂಡಿಗೆ ಹಾಕುವುದಕ್ಕಿಂತ ಮುಂದೆ ನಾನು ಹೋಗಿಲ್ಲ.

‘ನೈಸರ್ಗಿಕ’ವಾದುದೆಲ್ಲ ನಿರಪಾಯವೆಂದು ಬಗೆಯುವವರಿಗೆ ಲಂಟಾನ ತಿಂದ ದನವನ್ನು ತೋರಿಸಬೇಕು. ಕಣ್ಣು ಹಳದಿಯಾಗಿ, ಮೂತಿಯ ಮೇಲೂ ಬಿಳಿಯ ಮೈಯ ಮೇಲೂ ಬಿಸಿಲು ತಾಗಿದಲ್ಲೆಲ್ಲ ಚರ್ಮ ಸುಲಿದು, ನೆರಳು ಹುಡುಕಿ ನಿಲ್ಲುವ ಆ ಮೂಕಪ್ರಾಣಿಯ ಸಂಕಟ ನೋಡಲಾಗದು. ರಾಶಿ ತೆಗೆದ ಮೇಲೆ ಉಳಿದ ಎಲೆಯನ್ನು ಗೋದಲಿಯತ್ತ ಸುಳಿಯಗೊಡದೆ ನಾನೇ ನಿಂತು ಸುಡಿಸುತ್ತೇನೆ.

ನೆರೆಯವರೊಬ್ಬರು, ಹೇಗೂ ಔಷಧಕ್ಕೆ ಬೇಕಲ್ಲವೇ ಎಂದು ಬೇಲಿಯ ಲಂಟಾನವನ್ನು ಕಡಿಯುವುದನ್ನೇ ನಿಲ್ಲಿಸಿದರು. ಒಂದು ಮನೆಯ ಗೆಡ್ಡೆಗೆ ಬೇಕಾಗುವುದು ಒಂದೆರಡು ಪೊದೆ. ಉಳಿದುದು ಕಾಯಿ ಬಿಟ್ಟು ಮುಂದಿನ ವರ್ಷ ಹೊಲದೊಳಕ್ಕೇ ಇಳಿಯುತ್ತದೆ. ನಾನು ಬುಡಸಹಿತ ಕೀಳಿಸಿದ ಕಡೆಗಳಲ್ಲಿ ಲಕ್ಕಿಯನ್ನೂ ಆಡುಸೋಗೆಯನ್ನೂ ನೆಡಿಸಿದ್ದೇನೆ. ಆಡುಸೋಗೆಗೆ ದನ ಬಾಯಿ ಹಾಕದು, ಲಕ್ಕಿಯ ಒಣಎಲೆಯನ್ನು ಕಾಳಿನ ಕಣಜಕ್ಕೆ ಹಾಕುವ ಪದ್ಧತಿ ನಮ್ಮ ಹಿರಿಯರದೇ. ಗೆಡ್ಡೆಗೆ ಅದು ಲಂಟಾನದಷ್ಟೇ ಒದಗುತ್ತದೆಯೋ ನೋಡಲು ಈ ಸಲ ರಾಶಿಯನ್ನು ಎರಡು ಭಾಗ ಮಾಡಿ ಬೇರೆ ಬೇರೆ ಎಲೆ ಹೊದಿಸಿಟ್ಟಿದ್ದೇನೆ.