ಥಾಯ್ ಮಸಾಜ್‌ಗೆ ಹೊರಟಿರಾ? ಕತ್ತು ಜೋಪಾನ

ಬೆಂಗಳೂರಿನ ಉತ್ತರಹಳ್ಳಿ, ಜೆ.ಪಿ. ನಗರದ ಕಡೆಯ ಸ್ಪಾಗಳಿಗೆ ‘ಥಾಯ್’ ಎಂದು ನಂಬಿ ಹೋಗುವವರಲ್ಲಿ ಹೆಚ್ಚಿನವರು ಎಣ್ಣೆಗಾಗಿ ಕಾಯುತ್ತಾರೆ. ಸಾಂಪ್ರದಾಯಿಕ ಥಾಯ್ ಪದ್ಧತಿಯಲ್ಲಿ ಎಣ್ಣೆಯೂ ಇಲ್ಲ, ಬಟ್ಟೆ ಕಳಚುವುದೂ ಇಲ್ಲ. ನೆಲದ ಹಾಸಿಗೆ ಮೇಲೆ ಮಲಗಿಸಿ ಹೆಬ್ಬೆರಳು, ಅಂಗೈ, ಮೊಣಕೈಯಿಂದ ಒತ್ತುತ್ತಾರೆ, ಕೈಕಾಲು ಎಳೆದು ಮಡಚುತ್ತಾರೆ. ಬುದ್ಧನ ವೈದ್ಯ ಜೀವಕನೇ ಇದರ ಮೂಲಪುರುಷನೆಂದು ಥಾಯ್ಲೆಂಡಿನವರು ಪೂಜಿಸುತ್ತಾರೆ. ಈ ಪದ್ಧತಿ 2019ರಲ್ಲಿ ಯುನೆಸ್ಕೊದ ಪರಂಪರೆ ಪಟ್ಟಿಗೂ ಸೇರಿತು. ಇತಿಹಾಸ ಇಷ್ಟು ಸಾಕು.

ಮೊದಲು ನೋವು ಎಂಥದ್ದೆಂದು ನೋಡಿಕೊಳ್ಳಿ. ಲ್ಯಾಪ್‌ಟಾಪ್ ಮುಂದೆ ಕೂತು ಬಿಗಿದ ಹೆಗಲು, ಸೊಂಟಕ್ಕೆ ಈ ಮಸಾಜ್ ಹಾಯೆನಿಸುತ್ತದೆ. ನೋವು ಕಾಲಿಗಿಳಿಯುತ್ತಿದ್ದರೆ, ಕೈ ಜೋಮು ಹಿಡಿಯುತ್ತಿದ್ದರೆ, ಬಿದ್ದು ಪೆಟ್ಟಾಗಿದ್ದರೆ ಮೂಳೆ ವೈದ್ಯರಲ್ಲಿಗೆ ಹೋಗಿ. ಜಯನಗರದಲ್ಲೇ ಸಂಜಯ್ ಗಾಂಧಿ ಆಸ್ಪತ್ರೆಯಿದೆ. ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾಗಿದ್ದರೆ ಒತ್ತಿಸಿಕೊಳ್ಳಲೇಬೇಡಿ. ಒಳಗೆ ಹೆಪ್ಪುಗಟ್ಟಿದ ರಕ್ತ ಕಳಚಿ ಶ್ವಾಸಕೋಶ ಸೇರಿದರೆ ಜೀವಕ್ಕೇ ಕುತ್ತು.

ಊಟವಾಗಿ ಎರಡು ಗಂಟೆ ಬಿಟ್ಟು, ಸಡಿಲ ಪೈಜಾಮ ತೊಟ್ಟು ಹೋಗಿ. ಗರ್ಭಿಣಿಯಾಗಿದ್ದರೆ, ಮೂಳೆ ಸವೆದಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ವೈದ್ಯರನ್ನು ಕೇಳಿಯೇ ಹೊರಡಿ, ಸ್ಪಾದಲ್ಲಿಯೂ ತಿಳಿಸಿ. ಮಸಾಜ್ ಮಾಡುವವರು ಎಲ್ಲಿ ಕಲಿತರೆಂದು ಕೇಳಲು ಸಂಕೋಚ ಬೇಡ.

ಇನ್ನು ಕತ್ತು. ಕಟಿಂಗ್ ಷಾಪಿನಲ್ಲಿ ಗದ್ದ ಹಿಡಿದು ಲಟಕ್ಕನೆ ತಿರುಗಿಸಿಕೊಂಡು ರೂಢಿಯಾದವರು ಇಲ್ಲಿಯೂ ‘ಲಟಿಕೆ ತೆಗೀರಿ’ ಎನ್ನುತ್ತಾರೆ. ತಾವಾಗಿ ಕೇಳಿ ಪಡೆಯುವ ಅಪಾಯವಿದು! ಆ ಸದ್ದು ಕೀಲಿನ ದ್ರವದಲ್ಲಿನ ಗಾಳಿಗುಳ್ಳೆಯದು. ನರ ಬಿಟ್ಟುಕೊಂಡಿತೆಂಬುದು ಬರೀ ಭ್ರಮೆ. ಮಿದುಳಿಗೆ ರಕ್ತ ಒಯ್ಯುವ ಎರಡು ನಾಳಗಳು ಕತ್ತಿನ ಮೂಳೆಗಳ ರಂಧ್ರದೊಳಗೇ ಹಾದುಹೋಗುತ್ತವೆ. ಹಠಾತ್ತನೆ ತಿರುಚಿದರೆ ನಾಳದ ಒಳಪದರ ಹರಿಯಬಹುದು, ಅಲ್ಲಿ ಕಟ್ಟಿದ ಹೆಪ್ಪು ಮಿದುಳಿಗೇರಿದರೆ ಪಾರ್ಶ್ವವಾಯು. ಇದು ಅಪರೂಪ, ನಿಜ. ಆದರೆ 2024ರಲ್ಲಿ ಬಳ್ಳಾರಿಯ ಯುವಕನೊಬ್ಬನಿಗೆ ಸಲೂನಿನಲ್ಲಿ ಕತ್ತು ತಿರುಗಿಸಿದ ಮೇಲೆ ಹೀಗೇ ಆದ ಸುದ್ದಿ ನೀವೂ ಓದಿರಬಹುದು. ಮಲಗುವ ಮೊದಲೇ ‘ಕತ್ತು ತಿರುಚಬೇಡಿ’ ಎಂದು ಹೇಳಿಬಿಡಿ, ಮಧ್ಯೆ ಇನ್ನೊಮ್ಮೆ ಹೇಳಿ. ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ, ನಡಿಗೆ ತೂರಾಡಿದರೆ, ಹಿಂದೆಂದೂ ಕಾಣದ ಕತ್ತುನೋವಿನ ಜೊತೆ ತಲೆ ಸುತ್ತಿದರೆ, ಅದು ಮಾರನೇ ದಿನವಾದರೂ ಸರಿ, 108ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ಲಕ್ಷಣ ಕಂಡ ನಾಲ್ಕೂವರೆ ಗಂಟೆಯೊಳಗೇ ಅವಕಾಶ.

ಒತ್ತಡ ತಡೆಯಲಾಗದಿದ್ದರೆ ಹಲ್ಲು ಕಚ್ಚಿ ಸುಮ್ಮನಿರಬೇಡಿ. ಮರುದಿನ ಮೈಕೈ ನೋವು ಸಹಜ. ದಿನೇದಿನೇ ಹೆಚ್ಚಿದರೆ ತೋರಿಸಿ. ಬಿ.ಪಿ., ಸಕ್ಕರೆ ಮಾತ್ರೆ ಬಿಡಿಸುತ್ತೇವೆನ್ನುವ ಕಡೆಗೆ ಮತ್ತೆ ಕಾಲಿಡಬೇಡಿ.